ಟೌನ್‌ಹಾಲ್ ಸರ್ಕಲ್‌ನ ಅಜ್ಜಿ

ಬೆಳಿಗ್ಗೆ ಒಂಬತ್ತೂವರೆ, ತುಮಕೂರಿನ ಟೌನ್‌ಹಾಲ್ ಸರ್ಕಲ್. ಕೆಂಪು ದೀಪ ಬಿತ್ತು. ಬಿಳಿ ಗೆರೆಯ ಹಿಂದೆಯೇ ಸ್ಕೂಟರ್ ನಿಲ್ಲಿಸಿದೆ. ಎರಡೂ ಪಕ್ಕದಿಂದ ಬೈಕುಗಳು ನುಗ್ಗಿ ಜೀಬ್ರಾ ಪಟ್ಟಿಯ ಮೇಲೆಯೇ ಹೋಗಿ ನಿಂತವು.

ಅಷ್ಟರಲ್ಲಿ ಒಬ್ಬ ಅಜ್ಜಿ ರಸ್ತೆಗೆ ಇಳಿದರು. ಒಂದು ಕೈಯಲ್ಲಿ ಸೊಪ್ಪಿನ ಚೀಲ. ಇನ್ನೊಂದು ಕೈಯನ್ನು ಗಾಡಿಗಳ ಕಡೆ ಚಾಚಿ "ತಡಿಯಪ್ಪಾ, ತಡಿಯಪ್ಪಾ" ಅನ್ನುತ್ತಿದ್ದರು. ಪಟ್ಟಿಯ ಮೇಲೆ ಕಾಲಿಡಲು ಜಾಗವೇ ಇಲ್ಲ. ಪಾಪ, ಬೈಕುಗಳ ಮುಂದಿನ ಚಕ್ರ ಸುತ್ತಿಕೊಂಡು, ಸರ್ಕಲ್‌ ನಡುವಿಗೇ ಹೋಗಿ ದಾಟಬೇಕಾಯಿತು. ಅರ್ಧ ದಾರಿಯಲ್ಲಿದ್ದಾಗಲೇ ಹಸಿರು ಬಿತ್ತು. ಹಿಂದಿನಿಂದ ಹಾರನ್ ಶುರು. ನಾನು ಕೈ ಅಡ್ಡ ಹಿಡಿದು ನಿಂತೆ. ಪಕ್ಕದ ಆಟೋ ಅಣ್ಣನೂ ಕದಲಲಿಲ್ಲ. ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಈ ಸರ್ಕಲ್ ಇರುವ ಬಿ.ಎಚ್. ರಸ್ತೆ ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಬಸ್ಸು, ಲಾರಿ, ಕಾಲೇಜು ಹುಡುಗರು ಎಲ್ಲ ಇಲ್ಲೇ. ಅವಸರ ಎಲ್ಲರಿಗೂ ಇರುತ್ತದೆ, ಒಪ್ಪುತ್ತೇನೆ. ಆದರೆ ಹಳದಿ ದೀಪ ಕಂಡ ಕೂಡಲೇ ಆಕ್ಸಿಲರೇಟರ್ ತಿರುಗಿಸುತ್ತೇವಲ್ಲ, ಅದು ನಿಧಾನಿಸಿ ನಿಲ್ಲಿ ಅನ್ನುವ ದೀಪ ಅಲ್ವಾ? ಎಡಕ್ಕೆ ತಿರುಗುವವರಿಗೆ ಕೆಂಪೇ ಇಲ್ಲ ಅಂದುಕೊಂಡವರೂ ಬಹಳ. 'ಫ್ರೀ ಲೆಫ್ಟ್' ಬೋರ್ಡ್ ಇದ್ದರೆ ಮಾತ್ರ ಹೋಗಬಹುದು. ಆಗಲೂ ನಡೆದು ಬರುವವರಿಗೇ ಮೊದಲು ದಾರಿ. ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿ ದಂಡವಿದೆ. ಅಜ್ಜಿಗೆ ದಾರಿ ಬಿಡಲು ದಂಡ ಬೇಕಾ?

ಆ ಕಡೆ ಮುಟ್ಟಿದ ಮೇಲೆ ಅಜ್ಜಿ ಒಮ್ಮೆ ತಿರುಗಿ ನೋಡಿದರು. ಚೀಲದಿಂದ ಒಂದು ಕಟ್ಟು ಸಬ್ಬಸಿಗೆ ಜಾರಿ ರಸ್ತೆಯಲ್ಲೇ ಬಿದ್ದಿತ್ತು. ಅದರ ಮೇಲೆ ಆಗಲೇ ಗಾಡಿಗಳು ಹೋಗುತ್ತಿದ್ದವು.