ಅಂಥವರ ಹೆಸರು ಕೆಡಿಸಬೇಡ

ಮೊನ್ನೆ ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನೆಲಮಂಗಲದ ಆಚೆಗಿನ ಒಂದು ಗೋದಾಮಿನಲ್ಲಿ, ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡು ಕೈಯಲ್ಲಿ ಟ್ಯಾಬು ಹಿಡಿದಿದ್ದ ಹುಡುಗನೊಬ್ಬ ನನ್ನನ್ನು ಬೆರಳು ಮಾಡಿ ಕರೆದು, "ಟಾರ್ಪಾಲ್ ಕಟ್ಟೋಕೆ ಬರಲ್ವಾ ನಿನಗೆ? ಓನರ್ ನಂಬರ್ ಕೊಡು" ಎಂದ. ಅವನಿಗೆ ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು, ನನಗೆ ನಲವತ್ತಮೂರು. ನಾನು ನಂಬರು ಹೇಳಿದೆ, ಅವನು ಬರೆದುಕೊಂಡ. ಅದು ನನ್ನದೇ ನಂಬರು.

ನನ್ನ ಬಳಿ ಎರಡು ಸಿಮ್ ಇವೆ. ಒಂದು ಡ್ರೈವರನದು, ಅದನ್ನು ಗೇಟಿನ ರಿಜಿಸ್ಟರಿನಲ್ಲಿಯೂ ಟ್ರಾನ್ಸ್‌ಪೋರ್ಟ್ ಆಫೀಸಿನ ಎಲ್.ಆರ್. (ಮಾಲಿನ ರಸೀದಿ) ಮೇಲೂ ಬರೆಸುತ್ತೇನೆ; ಇನ್ನೊಂದು ಮಾಲೀಕನದು. ಇದನ್ನು ಕಲಿಸಿಕೊಟ್ಟವರು ಹುಬ್ಬಳ್ಳಿಯ ಒಬ್ಬ ಹಳೆಯ ಬ್ರೋಕರ್. "ಓನರ್ ಕಮ್ ಡ್ರೈವರ್ ಅಂತ ಗೊತ್ತಾತಂದ್ರ ಬಾಡಿಗಿ ಇಳಸ್ತಾರ್ರೀ, ಗಾಡಿ ನಿಂತ್ರ ನಿಮ್ಮ ಹೊಟ್ಟಿನೂ ನಿಲ್ತೈತಿ ಅಂತ ಅವರಿಗೆ ತಿಳಿದಿರ್ತದ" ಎಂದು ಅವರು ಹೇಳಿದ್ದು ನೂರಕ್ಕೆ ನೂರು ನಿಜವಾಗಿತ್ತು. ಆದ್ದರಿಂದ ಎರಡು ಸಿಮ್ ಇಟ್ಟುಕೊಂಡದ್ದು ವ್ಯಾಪಾರಕ್ಕೆ ಹೊರತು ತಮಾಷೆಗಲ್ಲ. ಆದರೆ ಮಂಗಳವಾರದವರೆಗೆ ಒಂದೇ ಕಡೆ, ಒಂದೇ ಮನುಷ್ಯನೊಡನೆ, ಎರಡೂ ನಂಬರಿನವನಾಗಿ ಐದು ನಿಮಿಷದೊಳಗೆ ಮಾತನಾಡುವ ಪ್ರಸಂಗ ಬಂದಿರಲಿಲ್ಲ.

ಹುಡುಗ ಮಾಲು ಇಳಿಸುವ ಕಟ್ಟೆಯನ್ನು, ಅಂದರೆ ಡಾಕನ್ನು, ಹತ್ತಿ ಒಳಗೆ ಹೋದ. ನಾನು ಲಾರಿಯ ಹಿಂಬದಿಗೆ ಬಂದು ಒದ್ದೆ ತಾಡಪತ್ರಿಯನ್ನು ಮಡಿಸತೊಡಗಿದ್ದಾಗ ಅಂಗಿಯ ಜೇಬಿನಲ್ಲಿ ಫೋನು ನಡುಗಿತು.

"ನಮಸ್ತೆ ಸರ್, ನೆಲಮಂಗಲ ವೇರ್‌ಹೌಸಿಂದ ಮಾತಾಡ್ತಿದೀನಿ. ಡಿಸ್ಟರ್ಬ್ ಮಾಡಿದ್ನಾ ಸರ್?"

"ಇಲ್ಲ, ಹೇಳಿ."

"ನಿಮ್ಮ ಗಾಡೀಲಿ ಹನ್ನೊಂದು ಬಾಕ್ಸ್ ಒದ್ದೆ ಆಗಿವೆ ಸರ್. ಡ್ರೈವರ್ ಟಾರ್ಪಾಲ್ ಸರಿಯಾಗಿ ಕಟ್ಟಿಲ್ಲ. ಕೇಳಿದ್ರೆ ಬಾಯೇ ಬಿಡಲ್ಲ."

"ಹಿರಿಯೂರಿನ ಹತ್ತಿರ ಮಳೆ ಜೋರಾಗಿತ್ತಂತೆ."

"ಇರಬಹುದು ಸರ್. ಆದ್ರೂ ಸ್ವಲ್ಪ ಹೇಳಿ ಅವನಿಗೆ."

"ಖಂಡಿತ ಹೇಳ್ತೀನಿ. ಐ ವಿಲ್ ಟಾಕ್ ಟು ಹಿಮ್."

ಈ ಕೊನೆಯ ವಾಕ್ಯ ಎಲ್ಲಿಂದ ಬಂತೋ ತಿಳಿಯದು. ಹದಿನಾಲ್ಕು ವರ್ಷ ಕಾನ್ಫರೆನ್ಸ್ ಕಾಲ್‌ಗಳಲ್ಲಿ ಮಾತನಾಡಿದ ಗಂಟಲು ತಾನಾಗಿಯೇ ಅದನ್ನು ಹೊರಡಿಸಿತು; ಹುಡುಗನೂ ಆ ಇಂಗ್ಲಿಷನ್ನು ಕೇಳಿ ಇನ್ನಷ್ಟು ಮೆತ್ತಗಾದ. ಅದೇ ಉಸಿರಿನಲ್ಲಿ ನಾನು ಹಾಲ್ಟಿಂಗ್, ಅಂದರೆ ಗಾಡಿ ಕಾಯ್ದು ನಿಂತದ್ದಕ್ಕೆ ಕೊಡುವ ಹಣದ ವಿಷಯ ಎತ್ತಿದೆ: ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಗೇಟಿಗೆ ಬಂದ ಗಾಡಿ ಇನ್ನೂ ಪೂರ್ತಿ ಖಾಲಿಯಾಗಿರಲಿಲ್ಲ. "ನೋಡ್ತೀನಿ ಸರ್, ಹದಿನೈದು ನೂರು ಮಾಡಿಸಿಕೊಡ್ತೀನಿ" ಎಂದ. ಅದೇ ಹಾಲ್ಟಿಂಗ್ ಬಗ್ಗೆ ಅಂದೇ ಬೆಳಿಗ್ಗೆ ಡ್ರೈವರಾಗಿ ಕೇಳಿದ್ದಾಗ ಸಿಕ್ಕ ಉತ್ತರ "ಅದೆಲ್ಲ ನಿನಗ್ಯಾಕೆ?" ಎಂಬುದಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಹುಡುಗ ಇಳಿದು ಬಂದು, ನನ್ನೆದುರು ನಿಂತು, ಬಹಳ ಕಳಕಳಿಯಿಂದ ಹೇಳಿದ: "ನಿಮ್ಮ ಓನರ್‌ಗೆ ಫೋನ್ ಮಾಡಿದ್ದೆ. ಎಷ್ಟು ಒಳ್ಳೆಯವರು! ಒಂದು ಮಾತೂ ಜೋರಾಗಿ ಆಡಲಿಲ್ಲ. ಅಂಥವರ ಹೆಸರು ಕೆಡಿಸಬೇಡ."

"ಇಲ್ರೀ ಸರ್" ಎಂದೆ.

ಆಗ ನನಗೆ ನಗು ಬಂದಿತ್ತು. ಖಾಲಿ ಗಾಡಿಯನ್ನು ತುಮಕೂರು ರಸ್ತೆಗೆ ತಿರುಗಿಸುವವರೆಗೂ ನಗುತ್ತಲೇ ಇದ್ದೆ. ಕ್ಯಾತ್ಸಂದ್ರ ದಾಟುವಷ್ಟರಲ್ಲಿ ನಗು ನಿಂತು, ಆ ಮಾತು ಉಳಿಯಿತು. ಅಂಥವರ ಹೆಸರು ಕೆಡಿಸಬೇಡ. ಶಿರಾದಲ್ಲಿ ಊಟಕ್ಕೆ ನಿಂತಾಗಲೂ ಅದೇ, ಚಿತ್ರದುರ್ಗದ ಬಳಿ ಗಾಳಿಯಂತ್ರಗಳ ಸಾಲು ಕಂಡಾಗಲೂ ಅದೇ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯ ಮನೆಯ ಹುಡುಗನಂತೆಯೇ ಕಂಡ. ಹಮಾಲರಿಗೆ ನೀರು ತರಿಸಿಕೊಟ್ಟದ್ದನ್ನು ನಾನೇ ನೋಡಿದೆ. ಆದರೆ ಅವನು ಟ್ಯಾಬಿನಾಚೆಗೆ ಏನನ್ನೂ ಓದುವುದಿಲ್ಲ. ಗೇಟಿನ ಸೆಕ್ಯುರಿಟಿಯವರು ಆರ್.ಸಿ. ಮತ್ತು ಲೈಸೆನ್ಸ್ ಎರಡರಲ್ಲೂ ಒಂದೇ ಹೆಸರಿರುವುದನ್ನು ಕಂಡು, "ಗಾಡಿ ನಿಮ್ದೇನಾ ಅಣ್ಣ?" ಎಂದು ಸೋಮವಾರವೇ ಕೇಳಿದ್ದರು. ಹನ್ನೆರಡು ತಾಸು ನಿಂತೇ ದುಡಿಯುವ ಆ ಮನುಷ್ಯ ಕಾಗದ ಓದುತ್ತಾನೆ, ಎ.ಸಿ. ಕೋಣೆಯಲ್ಲಿರುವವನು ಓದುವುದಿಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಆ ಕೋಣೆಯಲ್ಲಿ ನಾನೂ ಕುಳಿತಿದ್ದೆ, ನಾನೂ ಓದುತ್ತಿರಲಿಲ್ಲ.

ಕೆಲಸ ಬಿಟ್ಟದ್ದು 2023ರ ಮಧ್ಯದಲ್ಲಿ. ಆಗ ನಾನು ಒಂದು ಸಾಗಣೆ ಕಂಪನಿಯಲ್ಲಿ ಮೂರು ಜಿಲ್ಲೆಗಳ ಆಪರೇಷನ್ಸ್ ಮ್ಯಾನೇಜರ್. ಬಿಟ್ಟದ್ದೇಕೆ ಎಂಬ ಕತೆ ಎಲ್ಲರಿಗೂ ಗೊತ್ತಿರುವಂಥದ್ದೇ. ರಾತ್ರಿ ಹನ್ನೊಂದಕ್ಕೂ ಬರುವ ಫೋನುಗಳು, ಯಾರಿಗೂ ಬೇಡವಾದ ಟಾರ್ಗೆಟ್ಟುಗಳು, ನಾನು ಸಹಿ ಹಾಕಿ ಕಳಿಸಿದ ಗಾಡಿಗಳು ಮಾತ್ರ ಊರೂರು ನೋಡಿ ಬರುತ್ತಿದ್ದುದು. 2019ರ ಮಾಡೆಲ್‌ನ ಒಂದು ಹತ್ತು ಚಕ್ರದ ಲಾರಿ ಕೊಂಡೆ. 2020ರ ಏಪ್ರಿಲ್‌ನಿಂದ ಬಂದ, ಹೊಗೆಯ ಹೊಸ ಮಾನದಂಡದ ಬಿಎಸ್ 6 ಗಾಡಿಗಳ ಸೆನ್ಸರು, ಹೊಗೆ ಶುದ್ಧಿಯ ದ್ರವವಾದ ಆ್ಯಡ್‌ಬ್ಲೂ ಇತ್ಯಾದಿಗಳ ಗೊಡವೆ ಬೇಡವೆಂದು ಬೇಕೆಂತಲೇ ಹಳೆಯದನ್ನು ಆರಿಸಿದೆ. ಸಾರಿಗೆ ವಾಹನದ ಚಾಲಕರಿಗೆ ಎಂಟನೆಯ ತರಗತಿಯಾದರೂ ಆಗಿರಬೇಕೆಂಬ ನಿಯಮವನ್ನು 2019ರಲ್ಲೇ ತೆಗೆದುಹಾಕಿದ್ದರಿಂದ ನನ್ನ ಎಂಬಿಎಯನ್ನು ಆರ್‌ಟಿಒ ಕಚೇರಿಯಲ್ಲಿ ಯಾರೂ ಕೇಳಲಿಲ್ಲ. ನಮ್ಮ ಮಾವನವರು ಮಾತ್ರ, ಗದಗಿನಲ್ಲಿ 1976ರಲ್ಲಿ ಒಂದೇ ಲಾರಿಯಿಂದ ಶುರುಮಾಡಿದ ವಿಜಯ ಸಂಕೇಶ್ವರರ ಉದಾಹರಣೆ ಕೊಟ್ಟು ಬೆನ್ನು ತಟ್ಟಿದರು. ನಮ್ಮ ಕಡೆ ಯಾರು ಒಂದು ಲಾರಿ ಕೊಂಡರೂ ಈ ಉದಾಹರಣೆ ಬರುತ್ತದೆ, ಹೇಳುವವರ ಕಣ್ಣು ಮಾತ್ರ ಆಮೇಲಿನ ಸಾವಿರಾರು ಲಾರಿಗಳ ಮೇಲಿರುತ್ತದೆ. ಹೆಂಡತಿ ಒಳಗಿನಿಂದ, "ಅವರು ಲಾರಿ ತಗೊಂಡ್ರಪ್ಪಾ, ಇವರು ಲಾರಿ ಹೊಡಿಯಾಕ ಹೊಂಟಾರ" ಎಂದಳು. ಆ ಮನೆಯಲ್ಲಿ ಸರಿಯಾಗಿ ಲೆಕ್ಕ ಬಲ್ಲವಳು ಅವಳೊಬ್ಬಳೇ.

ಈಗ ತಾಡಪತ್ರಿಯ ವಿಷಯ. ಹುಡುಗ ಹೇಳಿದ್ದು ನಿಜ, ಡ್ರೈವರ್ ಅದನ್ನು ಸರಿಯಾಗಿ ಕಟ್ಟಿರಲಿಲ್ಲ. ಉದ್ದನೆಯ ಲಾರಿಗೆ ಎರಡು ತಾಡಪತ್ರಿ ಬೇಕಾಗುತ್ತವೆ. ಮೊದಲು ಹಿಂದಿನದನ್ನು ಹೊದಿಸಿ, ಆಮೇಲೆ ಕ್ಯಾಬಿನ್ ಕಡೆಯದನ್ನು ಅದರ ಮೇಲೆ ಎರಡು ಮೂರು ಅಡಿ ಬರುವಂತೆ ಎಳೆಯಬೇಕು. ಹಾಗೆ ಮಾಡಿದರೆ ಎದುರುಗಾಳಿ ಜೋಡಣೆಯ ಮೇಲೆ ಜಾರಿಕೊಂಡು ಹೋಗುತ್ತದೆ. ತಿರುವುಮುರುವು ಮಾಡಿದರೆ ಗಾಳಿ ಅದೇ ಸಂದಿಗೆ ಬಾಯಿ ಹಾಕಿ, ಅರವತ್ತರ ವೇಗದಲ್ಲಿ ತಾಡಪತ್ರಿಯನ್ನು ಹಪ್ಪಳದಂತೆ ಉಬ್ಬಿಸಿ, ಮಳೆಯನ್ನು ನೇರ ಒಳಕ್ಕೆ ಕರೆದುಕೊಳ್ಳುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು, ಕ್ರಮ ತಪ್ಪಿಸಿರಲೂ ಇಲ್ಲ. ಆದರೆ ಲೋಡಿನ ಮೇಲೆ ಒಬ್ಬ ನಿಂತು ಬಟ್ಟೆಯನ್ನು ಬಿಗಿ ಹಿಡಿಯಬೇಕು, ಕೆಳಗೊಬ್ಬ ಹಗ್ಗವನ್ನು ಕೊಕ್ಕೆಗೆ ಸುತ್ತಿ ಜಗ್ಗಬೇಕು. ಭಾನುವಾರ ರಾತ್ರಿ ಹುಬ್ಬಳ್ಳಿಯಲ್ಲಿ ಸಾಬೂನು ಪುಡಿಯ ಪೆಟ್ಟಿಗೆಗಳನ್ನು ತುಂಬಿ ಮುಗಿದಾಗ ಒಂಬತ್ತೂವರೆ, ಹಮಾಲರು ಹೊರಟುಹೋಗಿದ್ದರು. ನಾನೇ ಮೇಲೆ ಹತ್ತಿ ಹಾಸಿದೆ, ನಾನೇ ಕೆಳಗಿಳಿದು ಜಗ್ಗಿದೆ, ಎಡಬದಿಯಲ್ಲಿ ಮಡಿಕೆ ಒಂದು ಅಡಿಯಷ್ಟು ಜಾರಿದ್ದು ಕತ್ತಲಲ್ಲಿ ಕಾಣಲಿಲ್ಲ. ಬಂಕಾಪುರ, ಚಳಗೇರಿ, ಹೆಬ್ಬಾಳು ಟೋಲುಗಳ ದೀಪದಡಿ ನಿಂತಾಗಲಾದರೂ ಇಳಿದು ನೋಡಬಹುದಿತ್ತು. ಫಾಸ್ಟ್ಯಾಗ್ ಬಂದ ಮೇಲೆ ಅಲ್ಲಿ ಇಳಿಯುವವರು ಯಾರು?

ಹಾಗಾದರೆ ಜೊತೆಗೊಬ್ಬ ಕ್ಲೀನರ್ ಏಕಿರಲಿಲ್ಲ? ಓನರ್ ಬೇಡ ಎಂದಿದ್ದರು. ದಿನಕ್ಕೆ ಐನೂರು ರೂಪಾಯಿ ಬಾಟಾ, ಮೇಲೆ ಊಟ, ತಿಂಡಿ. ಹುಬ್ಬಳ್ಳಿ–ನೆಲಮಂಗಲ ಟ್ರಿಪ್ಪಿಗೆ ಬಾಡಿಗೆ ಇಪ್ಪತ್ತೆರಡು ಸಾವಿರ. ಲೀಟರಿಗೆ ನಾಲ್ಕು ಕಿಲೋಮೀಟರ್ ಲೆಕ್ಕದಲ್ಲಿ ಡೀಸೆಲ್ಲೇ ಎಂಟೂವರೆ ಸಾವಿರ ದಾಟುತ್ತದೆ, ಟೋಲು, ಟೈರು, ಇನ್ಶೂರೆನ್ಸ್, ಕಂತು ಬೇರೆ. ಎಲ್ಲ ಕಳೆದು ಉಳಿದದ್ದರಲ್ಲಿ ಕ್ಲೀನರನ ಪಾಲು ದೊಡ್ಡದಾಗಿ ಕಂಡು, ಕಳೆದ ವರ್ಷ ಎಕ್ಸೆಲ್ ಶೀಟಿನಲ್ಲಿ ಆ ಸಾಲನ್ನು ಅಳಿಸಿದವರು ಆ ಒಳ್ಳೆಯ ಮನುಷ್ಯರೇ. ಅಳಿಸುವಾಗ ಅವರು ಮನೆಯ ಊಟದ ಮೇಜಿನ ಮುಂದೆ ಕುಳಿತಿದ್ದರು. ಅದರ ಫಲ ಉಂಡವನು ಭಾನುವಾರ ರಾತ್ರಿ ಹಗ್ಗ ಜಗ್ಗುತ್ತಿದ್ದ.

ಒಂದೇ ಹೊಟ್ಟೆ, ಒಂದೇ ಬ್ಯಾಂಕ್ ಖಾತೆ ಇದ್ದಾಗಲೂ ಹೀಗಾಗುವುದಾದರೆ, ಇಬ್ಬರೂ ಬೇರೆ ಬೇರೆ ಮನುಷ್ಯರಾಗಿರುವ ಕಡೆ ಏನಾಗುತ್ತಿರಬಹುದು ಎಂಬುದು ನನಗೆ ಗೊತ್ತಿರಬೇಕಿತ್ತು. ಏಕೆಂದರೆ ಮಾಲು ಹಾಳಾದ ಪ್ರತಿ ಸಲವೂ ವರದಿ ಬರೆಯುತ್ತಿದ್ದವನು ನಾನೇ. ಆ ನಮೂನೆಯಲ್ಲಿ 'ಕಾರಣ' ಎಂಬ ಅಂಕಣವಿತ್ತು, ಅದರಲ್ಲಿ ಆರಿಸಿಕೊಳ್ಳಲು ನಾಲ್ಕು ಉತ್ತರಗಳಿದ್ದವು, ಮೊದಲನೆಯದು 'ಚಾಲಕನ ನಿರ್ಲಕ್ಷ್ಯ'. ಮೊದಲನೆಯದು ಆದ್ದರಿಂದ ಅದನ್ನು ಒತ್ತುವುದು ಸುಲಭವಾಗಿತ್ತು. 'ಜೊತೆಗೆ ಯಾರೂ ಇರಲಿಲ್ಲ' ಎಂಬ ಉತ್ತರ ಅಲ್ಲಿ ಇರಲಿಲ್ಲ, ಸೇರಿಸಬೇಕೆಂದು ನನಗೆ ತೋಚಲೂ ಇಲ್ಲ. ಡ್ರೈವರುಗಳನ್ನು ನಾನು ಹೊಡೆದಿಲ್ಲ, ಬೈದದ್ದೂ ಕಡಿಮೆ. ಆದರೆ ನನಗಿಂತ ಹಿರಿಯರನ್ನೂ 'ನೀನು' ಎಂದೇ ಕರೆದೆ, ಅವರ ಮಾಲೀಕರು ನನಗಿಂತ ಕಿರಿಯರಾಗಿದ್ದರೂ 'ನೀವು' ಎಂದೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಕನ್ನಡದಲ್ಲಿ ಏಕವಚನ ಪ್ರೀತಿಗೂ ಒದಗುತ್ತದೆ, ತಾಯಿಗೂ ದೇವರಿಗೂ ನಾವು ನೀನೆಂದೇ ಅನ್ನುತ್ತೇವೆ. ಗೋದಾಮಿನ ಡಾಕಿನ ಮೇಲಿನ ಏಕವಚನ ಅದಲ್ಲವೆಂಬುದು ಅನ್ನಿಸಿಕೊಂಡವನಿಗೆ ಮೊದಲ ಸಲಕ್ಕೇ ತಿಳಿಯುತ್ತದೆ.

ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಎಂದೊಂದು 2025ರವರೆಗೆ ಇತ್ತು, 1961ರದು. ದಿನಕ್ಕೆ ಎಂಟು ತಾಸು, ವಾರಕ್ಕೆ ನಲವತ್ತೆಂಟು ತಾಸಿಗಿಂತ ಹೆಚ್ಚು ದುಡಿಸಬಾರದೆಂದು ಅದು ಹೇಳುತ್ತಿತ್ತು. ಹೊಸ ಸೂಪರ್‌ವೈಸರುಗಳಿಗೆ ತರಬೇತಿ ಕೊಡುವಾಗ ಇದನ್ನು ಒಂದು ಸ್ಲೈಡಿನಲ್ಲಿ ತೋರಿಸಿ, ಐದು ಮಂದಿಗಿಂತ ಕಡಿಮೆ ಕಾರ್ಮಿಕರಿರುವ ಕಡೆ ಕಾಯ್ದೆ ತಾನಾಗಿ ಅನ್ವಯವಾಗದೆಂದು ಸೇರಿಸಿ, ಸಣ್ಣ ಗಾಡಿ ಮಾಲೀಕರನ್ನು ಬಾಡಿಗೆಗೆ ಹಿಡಿಯುವುದರ ಲಾಭವನ್ನು ವಿವರಿಸುತ್ತಿದ್ದೆ. ಈಗ ಆ ಸಣ್ಣ ಮಾಲೀಕ ನಾನು. ಭಾನುವಾರ ರಾತ್ರಿ ಹತ್ತಕ್ಕೆ ಹೊರಟು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಗೇಟು ಮುಟ್ಟಿದ ಡ್ರೈವರನನ್ನು, ದಾವಣಗೆರೆಯಲ್ಲಿ ಎರಡು ತಾಸಾದರೂ ಮಲಗು ಎಂದು ಹೇಳುವ ಅಧಿಕಾರ ಇದ್ದವರು ಒಬ್ಬರೇ ಇದ್ದರು, ಅವರು ಹೇಳಲಿಲ್ಲ. ಬೇಗ ಹೋದರೆ ಬೇಗ ಇಳಿಸುತ್ತಾರೆಂದು ಆಸೆ ತೋರಿಸಿದರು. ಮಲಗಿದ್ದಿದ್ದರೆ ಹಿರಿಯೂರಿನ ಮಳೆ ತಪ್ಪುತ್ತಿತ್ತು.

ಇಬ್ಬರ ಹಿತವೂ ಒಂದೇ ಎಂದು ನಾನು ಮೊದಲು ನಂಬಿದ್ದೆ. 2024ರ ಜನವರಿಯಲ್ಲಿ, ಪ್ರಾಣಹಾನಿಯ ಅಪಘಾತ ಮಾಡಿ ಓಡಿಹೋದರೆ ಹತ್ತು ವರ್ಷದವರೆಗೆ ಸಜೆ ಎಂಬ ಹೊಸ ಕಲಮಿನ ವಿರುದ್ಧ ದೇಶದ ಹಲವು ಕಡೆ ಡ್ರೈವರುಗಳು ಗಾಡಿ ನಿಲ್ಲಿಸಿದಾಗ ನಾನು ಡ್ರೈವರಾಗಿ ನಿಲ್ಲಿಸಿದೆ, ಏಕೆಂದರೆ ಜೈಲಿಗೆ ಹೋಗುವುದು ಆರ್.ಸಿ.ಯಲ್ಲ. 2025ರ ಏಪ್ರಿಲ್‌ನಲ್ಲಿ ರಾಜ್ಯದ ಲಾರಿ ಮಾಲೀಕರು ಡೀಸೆಲ್ ದರದ ವಿರುದ್ಧ ಮುಷ್ಕರ ಹೂಡಿದಾಗ ಮಾಲೀಕನಾಗಿ ನಿಲ್ಲಿಸಿದೆ. ಎರಡೂ ಸಲ ಬ್ಯಾಂಕಿನವರು ಕಂತನ್ನು ಹೇಳಿದ ತಾರೀಖಿಗೇ ಕಡಿದುಕೊಂಡರು. ಆದರೆ ಮೊದಲ ಸಲ ನಾನು ರಸ್ತೆಬದಿಯಲ್ಲಿ ಟಯರಿನ ನೆರಳಿಗೆ ಕುಳಿತಿದ್ದೆ, ಎರಡನೆಯ ಸಲ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸಭೆಗೆ ಹೋಗಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದೆ. ಆ ಸಭೆಯಲ್ಲಿ ಡ್ರೈವರುಗಳ ಬಗ್ಗೆ ಬಂದ ಒಂದೇ ಮಾತು, ಈಗೀಗ ಒಳ್ಳೆಯವರು ಸಿಗುವುದಿಲ್ಲ ಎಂಬುದು. ನಾನೂ ತಲೆಯಾಡಿಸಿದೆ.

ಬುಧವಾರ ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಹೆಂಡತಿ ಮೊದಲು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ, "ಹನ್ನೊಂದು ಬಾಕ್ಸಿಂದು ರೊಕ್ಕ ಯಾರ ಲೆಕ್ಕದಾಗ ಹಿಡದ್ರಿ?" ಎಂದು ಕೇಳಿದಳು. ನನ್ನ ಪುಸ್ತಕದಲ್ಲಿ ಡ್ರೈವರ್ ಸಂಬಳವೆಂದು ತಿಂಗಳಿಗೆ ಇಪ್ಪತ್ತೈದು ಸಾವಿರ ಬೇರೆಯಾಗಿ ತೆಗೆದು ಮನೆ ಖರ್ಚಿಗೆ ಕೊಡುತ್ತೇನೆ, ಉಳಿದದ್ದು ಗಾಡಿಯ ಲಾಭ. ನಾನು ಸುಮ್ಮನಿದ್ದೆ. ಅವಳು ಪುಸ್ತಕ ತೆರೆದು ನೋಡಿದಳು. ಪೆಟ್ಟಿಗೆಗಳ ಮೊತ್ತವನ್ನು ನಾನು ಅದಾಗಲೇ ಡ್ರೈವರನ ಸಂಬಳದಲ್ಲಿ ಮುರಿದುಕೊಂಡಿದ್ದೆ. ಹಾಲ್ಟಿಂಗ್‌ನ ಹದಿನೈದು ನೂರನ್ನು ಗಾಡಿಯ ಲಾಭಕ್ಕೆ ಸೇರಿಸಿದ್ದೆ.

ನಿನ್ನೆ ಸಂಜೆ ಹುಬ್ಬಳ್ಳಿಯಲ್ಲಿ ಲೋಡು ಮುಗಿದು ತಾಡಪತ್ರಿ ಹೊದಿಸುತ್ತಿದ್ದಾಗ ಆ ಹುಡುಗನ ಫೋನು ಬಂತು. ಸೋಮವಾರ ಅವರ ಗೋದಾಮಿನಿಂದ ಹುಬ್ಬಳ್ಳಿ ಕಡೆಗೆ ಒಂದು ಲೋಡು ಇದೆಯಂತೆ, ಒಳ್ಳೆಯ ಓನರ್ ಎಂದು ನಂಬರು ಇಟ್ಟುಕೊಂಡಿದ್ದನಂತೆ. ಬಾಡಿಗೆ ಮಾತಾಯಿತು. ಕೊನೆಗೆ ಕೊಂಚ ಸಂಕೋಚದಿಂದ, "ಡ್ರೈವರ್ ಅವನೇ ಬರ್ತಾನಾ ಸರ್?" ಎಂದು ಕೇಳಿದ.

"ಅವನೇ."

"ಹೇಳಿದ್ರಾ ಸರ್ ಅವನಿಗೆ, ಟಾರ್ಪಾಲ್ ವಿಷಯ?"

ಹೇಳಿದ್ದೇನೆ ಎಂದೆ. ಲೋಡಿನ ಮೇಲೆ ಮಂಡಿಯೂರಿದ್ದೆ. ಹಗ್ಗದ ಇನ್ನೊಂದು ತುದಿ ಹಿಡಿಯಲು ಕೆಳಗೆ ಯಾರೂ ಇರಲಿಲ್ಲವಾದ್ದರಿಂದ ಅದನ್ನು ಕಾಲಿಗೆ ಸುತ್ತಿಕೊಂಡು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದಿದ್ದೆ.