ಕೋಗಿಲೆ ಮೇಲೆ ದೂರು, ಕಾಗೆಗೆ ಅನ್ನ ಹಾಕಿದರೆ ದಂಡ

ಕೋಗಿಲೆ ಕೂಗುತ್ತದೆ ಅಂತ ಯಾರಾದರೂ ಪುರಸಭೆಗೆ ದೂರು ಕೊಟ್ಟದ್ದನ್ನು ಕೇಳಿದ್ದೀರಾ? ಸಿಂಗಾಪುರದಲ್ಲಿ ಕೊಡುತ್ತಾರೆ. ನಾವಿರುವ ಪಾಸಿರ್ ರಿಸ್‌ನಲ್ಲಿ ಬೆಳಗಿನ ಜಾವ ಐದಕ್ಕೆ ಗಂಡು ಕೋಗಿಲೆ ಶುರುಮಾಡಿತೆಂದರೆ ಸ್ವರ ಏರಿಸುತ್ತಾ ಏರಿಸುತ್ತಾ ಹನ್ನೆರಡನೇ ಮಹಡಿಯವರನ್ನೂ ಎಬ್ಬಿಸುತ್ತದೆ. ಆರಾಗುವ ಹೊತ್ತಿಗೆ ನಮ್ಮ ಬ್ಲಾಕಿನ ವಾಟ್ಸಾಪ್ ಗುಂಪಿನಲ್ಲಿ ಸಿಟ್ಟಿನ ಸಂದೇಶಗಳು ಬಂದು ಬೀಳುತ್ತವೆ. ರಾತ್ರಿ ಪಾಳಿ ಮುಗಿಸಿ ಬಂದವರಿದ್ದಾರೆ, ಹಸುಗೂಸು ಇರುವವರಿದ್ದಾರೆ, ಅವರ ಕಷ್ಟ ಸುಳ್ಳಲ್ಲ. ಆದರೂ ಯುಗಾದಿ ಬಂತೆಂದರೆ ಕೋಗಿಲೆಗೆ ಕಿವಿಗೊಡುವ ಊರಿನಿಂದ ಬಂದ ನನಗೆ, ಅದರ ಮೇಲೆ ಕೇಸು ನಡೆಯುವುದನ್ನು ನೋಡಿದರೆ ನಗು ತಡೆಯುವುದಿಲ್ಲ.

ಕೋಗಿಲೆ ಇಷ್ಟು ಹೆಚ್ಚಿದ್ದಕ್ಕೆ ಕಾರಣ ಕಾಗೆ. ನಮ್ಮ ಊರಿನ ಬೂದುಕೊರಳಿನ ಕಾಗೆಯೇ. ಇದು ಇಲ್ಲಿಯ ಮೂಲದ ಹಕ್ಕಿಯಲ್ಲ. 1890ರ ದಶಕದಲ್ಲಿ ಮಲಯದ ಕ್ಲಾಂಗ್ ಪ್ರದೇಶದಲ್ಲಿ ಕಾಫಿ ತೋಟಗಳಿದ್ದವು. ಗಿಡಕ್ಕೆ ಬಿದ್ದ ಕಂಬಳಿಹುಳಗಳನ್ನು ತಿನ್ನಲಿ ಅಂತ ಬ್ರಿಟಿಷರು ಸಿಲೋನಿನಿಂದ ಕಾಗೆ ತರಿಸಿ ಬಿಟ್ಟರು. ಕಾಫಿ ಹೋಯಿತು, ಕಾಗೆ ಉಳಿಯಿತು. ಊರಿಂದೂರಿಗೆ ಹಬ್ಬಿ ಸಿಂಗಾಪುರಕ್ಕೂ ಬಂತು. ಕಾಗೆ ಗೂಡು ಸಿಕ್ಕಮೇಲೆ ಕೋಗಿಲೆಗೆ ಇನ್ನೇನು ಬೇಕು? ಮೊಟ್ಟೆ ಇಡುವ ಜಾಗ ಗಟ್ಟಿಯಾಯಿತು. ರಸ್ತೆ ಬದಿಗೆ ಅಂದಕ್ಕೆಂದು ನೆಟ್ಟ ಪಾಮ್ ಗಿಡಗಳ ಕೆಂಪು ಹಣ್ಣು ಊಟಕ್ಕಾಯಿತು. ಹಾಗಾಗಿ ಇಲ್ಲಿ ಕೋಗಿಲೆ ಮೇಲಿನ ದೂರಿಗೆ ಮಾಡುವ ಪರಿಹಾರವೂ ಕಾಗೆಯ ತಲೆಗೇ ಬರುತ್ತದೆ: ಮರದ ಕೊಂಬೆ ಸವರಿ ಕಾಗೆ ಗೂಡು ಇಳಿಸುತ್ತಾರೆ. ಒಂದು ಕಾಲದಲ್ಲಿ ಕಾಗೆಗಳನ್ನು ಬಂದೂಕಿನಿಂದ ಹೊಡೆಯುತ್ತಿದ್ದರು ಕೂಡ.

ಅಪ್ಪನ ತಿಥಿ ಬಂದಾಗ ಅಮ್ಮ ಇಲ್ಲೇ ಇದ್ದರು. ಬಾಳೆಲೆ ತುದಿಯಲ್ಲಿ ಅನ್ನ, ಉದ್ದಿನ ವಡೆ, ಎಳ್ಳು ಎಲ್ಲ ಸಿದ್ಧಮಾಡಿಕೊಂಡು, "ತಮ್ಮಾ, ಇದನ್ನ ಎಲ್ಲಿ ಇಡೂದು?" ಅಂದರು. ಇಡುವ ಹಾಗಿಲ್ಲ ಅಂದೆ. 2020ರ ಜೂನ್‌ನಿಂದ ಜಾರಿಯಲ್ಲಿರುವ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡುಪ್ರಾಣಿ, ಹಕ್ಕಿಗಳಿಗೆ ಯಾರೂ ಆಹಾರ ಹಾಕುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 5,000 ಡಾಲರ್‌ವರೆಗೆ ದಂಡ, ಮತ್ತೆ ಮಾಡಿದರೆ 10,000. ಅಮ್ಮ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಕಾಗೆಗೂ?" ಕಾಗೆಗೂ. "ಕಾಗೆ ಮುಟ್ಟದೆ ನಾವು ಊಟಕ್ಕೆ ಕೂರೂದು ಹೆಂಗೆ?" ಇದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ. ಕೊನೆಗೆ ಅಣ್ಣ ಹೊನ್ನಾವರದ ಮನೆಯಲ್ಲಿ ಎಡೆ ಇಟ್ಟ. ಅಲ್ಲಿಯ ಹೊತ್ತು ಇಲ್ಲಿಗಿಂತ ಎರಡೂವರೆ ತಾಸು ಹಿಂದೆ, ಹಾಗಾಗಿ ನಮಗೆ ಹೊಟ್ಟೆ ಚುರುಗುಟ್ಟಿದರೂ ಕಾದು ಕೂತೆವು. ವಿಡಿಯೊ ಕಾಲಿನಲ್ಲಿ ಕಾಗೆ ಬಂದು ವಡೆ ಕಚ್ಚಿಕೊಂಡು ಹೋದಮೇಲೆ ಪಾಸಿರ್ ರಿಸ್‌ನಲ್ಲಿ ಊಟ. ಅಷ್ಟು ಹೊತ್ತೂ ನಮ್ಮ ಕಾರಿಡಾರಿನ ಕಂಬಿ ಮೇಲೆ ಇಲ್ಲಿಯ ಕಾಗೆಯೊಂದು ಕಾ ಕಾ ಅನ್ನುತ್ತಲೇ ಇತ್ತು.

ಕಾನೂನು ಕಟುವೆನಿಸಬಹುದು. ಆದರೆ ಬ್ಲಾಕಿನ ಹಿಂದೆ ಬ್ರೆಡ್ ಚೂರು ಚೆಲ್ಲಿದ ಜಾಗದಲ್ಲಿ ಪಾರಿವಾಳ, ಇಲಿಗಳ ಜಾತ್ರೆ ನೋಡಿದವರು ಅದನ್ನು ಅಷ್ಟು ಸುಲಭವಾಗಿ ಬಯ್ಯಲಾರರು. ನಾನಂತೂ ಬಯ್ಯುವುದಿಲ್ಲ. ವರ್ಷಕ್ಕೊಂದು ಎಲೆಯ ತುದಿಗೆ ವಿನಾಯಿತಿ ಇದ್ದಿದ್ದರೆ ಚೆನ್ನಾಗಿತ್ತು, ಅಷ್ಟೆ.

ನಮ್ಮ ಪೇಟೆ ಇರುವುದು ದ್ವೀಪದ ಪೂರ್ವ ಅಂಚಿನಲ್ಲಿ. ಎದುರಿಗೆ ಕಡಲಗಾಲುವೆ, ಅದರಾಚೆ ಪುಲಾವ್ ಉಬಿನ್ ದ್ವೀಪ, ಅದರಾಚೆ ಮಲೇಷ್ಯಾ. ದಂಡೆಯುದ್ದಕ್ಕೂ ದೊಡ್ಡ ಪಾರ್ಕು, ಪಾರ್ಕಿನೊಳಗೆ ಸುಮಾರು ಆರು ಹೆಕ್ಟೇರಿನ ಕಾಂಡ್ಲಾವನ, ಅಂದರೆ ಮ್ಯಾಂಗ್ರೋವ್ ಕಾಡು. ಹೊನ್ನಾವರದ ಶರಾವತಿ ಹಿನ್ನೀರಿನ ಕಾಂಡ್ಲಾ ನಡಿಗೆ ಮಾಡಿದವರಿಗೆ ಇದರ ಚಹರೆ ಗೊತ್ತು: ಕೆಸರಿನ ಮೇಲೆ ಮರದ ಹಲಗೆಯ ದಾರಿ, ಎರಡೂ ಬದಿಗೆ ಬೇರು. ಭರತದ ಹೊತ್ತಿಗೆ ಹೋದರೆ ಬರೀ ನೀರು. ಇಳಿತಕ್ಕೆ ಹೋಗಬೇಕು. ಆಗ ಒಂದೇ ಒಂದು ದೊಡ್ಡ ಕೊಂಬಿರುವ ಏಡಿಗಳು ಬಿಲದ ಬಾಯಲ್ಲಿ ನಿಂತು ಅದನ್ನು ಆಡಿಸುತ್ತಿರುತ್ತವೆ. ಮಡ್‌ಸ್ಕಿಪ್ಪರ್ ಮೀನುಗಳು ನೀರು ಬಿಟ್ಟು ಕೆಸರಿನ ಮೇಲೆ ಕುಪ್ಪಳಿಸುತ್ತವೆ. ಕೆಸರು ಸೀಗಡಿಗಳು ರಾತ್ರಿಯಿಡೀ ಅಗೆದು ಹಾಕಿದ ಮಣ್ಣಿನ ದಿಬ್ಬಗಳು ಮೊಣಕಾಲೆತ್ತರಕ್ಕೆ ಎದ್ದಿರುತ್ತವೆ. ಒಮ್ಮೊಮ್ಮೆ ಕಾಲುವೆಯಲ್ಲಿ ಮರದ ದಿಮ್ಮಿ ತೇಲಿ ಬಂದಂತೆ ಕಾಣುತ್ತದೆ, ಹತ್ತಿರ ಬಂದರೆ ಸೀಳು ನಾಲಿಗೆ ಹೊರಚಾಚುವ ನೀರು ಉಡ. ಊರಲ್ಲಿ ನಾನು ನೋಡಿದ ಉಡಕ್ಕಿಂತ ಬಲು ದೊಡ್ಡದು, ಎರಡು ಮೀಟರ್ ಮೀರಿ ಬೆಳೆಯುತ್ತದೆ. ಮಕ್ಕಳ ತಳ್ಳುಗಾಡಿ ಹೋಗುವ ದಾರಿಯಲ್ಲೇ ಅದೂ ದಾಟುತ್ತದೆ. ಎಲ್ಲರೂ ನಿಂತು ದಾರಿ ಬಿಡುತ್ತಾರೆ.

ಇನ್ನು ನೀರುನಾಯಿ. ಇಲ್ಲಿ ಕಾಗೆ ಕಳ್ಳನಾದರೆ ಇದು ಸಿನಿಮಾ ನಟ. ಕರ್ನಾಟಕದಲ್ಲಿ ಇದೇ ಜಾತಿಯ ನೀರುನಾಯಿಗಳಿಗಾಗಿ 2015ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಂಪ್ಲಿಯ ಕಡೆಗೆ ಹರಿಯುವ ಹೊಳೆಯ ಪಟ್ಟಿಯನ್ನೇ ಸಂರಕ್ಷಿತವೆಂದು ಘೋಷಿಸಿದ್ದಾರೆ. ನಾನು ಅಲ್ಲಿಗೆ ಹೋಗಿ ಬಂಡೆಗಳನ್ನಷ್ಟೇ ನೋಡಿ ಬಂದವನು. ಇಲ್ಲಿ ಬೆಳಿಗ್ಗೆ ವಾಕಿಂಗ್ ಹೊರಟರೆ ಕಾಲಿಗೆ ಅಡ್ಡ ಬರುತ್ತವೆ. ಸಿಂಗಾಪುರದ ಹೊಳೆಗಳು ಹಿಂದೆ ಗಬ್ಬು ನಾರುತ್ತಿದ್ದವು. 1977ರಿಂದ ಹತ್ತು ವರ್ಷ ಪಟ್ಟುಹಿಡಿದು ಶುಚಿ ಮಾಡಿದರು, ನೀರಿಗೆ ಮೀನು ಬಂತು, 1990ರ ದಶಕದ ಕೊನೆಗೆ ಮೀನಿನ ಹಿಂದೆ ನೀರುನಾಯಿಯೂ ಬಂತು, ಮಲೇಷ್ಯಾ ಕಡೆಯಿಂದ ಈಜಿಕೊಂಡು. ಈಗ ನಗರದ ಕಾಲುವೆಗಳನ್ನು ಅವುಗಳ ಕುಟುಂಬಗಳು ಹಂಚಿಕೊಂಡಿವೆ. ಯಾವ ಕುಟುಂಬ ಯಾರ ಜಾಗಕ್ಕೆ ನುಗ್ಗಿತು, ಯಾರ ಮರಿ ತಪ್ಪಿಸಿಕೊಂಡಿತು ಎಂಬುದನ್ನೆಲ್ಲ ಧಾರಾವಾಹಿಯಂತೆ ಹಿಂಬಾಲಿಸುವ ಜನರಿದ್ದಾರೆ. 2022ರಲ್ಲಿ ರಾಷ್ಟ್ರಪತಿ ಭವನವಾದ ಇಸ್ತಾನಾದ ಎದುರು ಒಂದು ಕುಟುಂಬ ರಸ್ತೆ ದಾಟುವಾಗ ಪೊಲೀಸರೇ ವಾಹನಗಳನ್ನು ತಡೆದು ನಿಲ್ಲಿಸಿದ್ದರು. ಕಾಂಡೊಮಿನಿಯಂ ಕೊಳದ ದುಬಾರಿ ಕೋಯಿ ಮೀನುಗಳನ್ನು ಒಂದೇ ಬೆಳಗಿನಲ್ಲಿ ತಿಂದು ಮುಗಿಸುವುದೂ ಇವೇ. ಮೀನು ಕಳೆದುಕೊಂಡವರಿಗೆ ಈ ನಟನ ಮೇಲೆ ಅಭಿಮಾನ ಸ್ವಲ್ಪ ಕಡಿಮೆ.

ನೀರಿನಿಂದ ಮೇಲೆ ಬಂದವು ಹುಲ್ಲಿನಲ್ಲಿ, ಮರಳಿನಲ್ಲಿ ಹೊರಳಾಡಿ ಮೈ ಒರೆಸಿಕೊಳ್ಳುತ್ತವೆ. ಮರಿಗಳು ದೊಡ್ಡವರ ಬಾಯಿಂದ ಮೀನು ಕಿತ್ತುಕೊಳ್ಳಲು ಮಾಡುವ ಗಲಾಟೆ ದೂರದಿಂದಲೇ ಕೇಳಿಸುತ್ತದೆ. ಎಲ್ಲವೂ ಹೋದಮೇಲೆ ಉಳಿಯುವ ವಾಸನೆ ಮಾತ್ರ ಯಾವ ಫೋಟೊದಲ್ಲೂ ಬರುವುದಿಲ್ಲ. ಮೀನು ಮಾರ್ಕೆಟ್ಟಿನ ಪಕ್ಕ ಬೆಳೆದ ನನಗೂ ಅದು ಹೆಚ್ಚೇ.

ಮಂಗಟ್ಟೆ ಹಕ್ಕಿ ನೋಡಲು ದಾಂಡೇಲಿಗೆ ಹೋಗಿ, ಕತ್ತು ನೋಯುವಷ್ಟು ಹೊತ್ತು ಮರದ ಕೆಳಗೆ ನಿಂತವರು ಇದನ್ನು ಓದಿ ಹೊಟ್ಟೆ ಉರಿದುಕೊಳ್ಳಬೇಡಿ. ದಾಂಡೇಲಿಯ ಮಲಬಾರ್ ಮಂಗಟ್ಟೆಯ ಹತ್ತಿರದ ನೆಂಟ ಇಲ್ಲಿ ಅಪಾರ್ಟ್‌ಮೆಂಟಿನ ಕಂಬಿ ಮೇಲೆ ಬಂದು ಕೂರುತ್ತದೆ. ಕಪ್ಪು ಮೈ, ಬಿಳಿ ಹೊಟ್ಟೆ, ದಂತದ ಬಣ್ಣದ ಕೊಕ್ಕು. ಇದು ಸಿಂಗಾಪುರದಿಂದ ಕಣ್ಮರೆಯಾಗಿ ನೂರು ವರ್ಷದ ಮೇಲಾಗಿತ್ತು. 1994ರಲ್ಲಿ ಉಬಿನ್ ದ್ವೀಪದಲ್ಲಿ ಒಂದು ಜೋಡಿ ಕಾಣಿಸಿತು. ಹೆಣ್ಣು ಪೊಟರೆಯೊಳಗೆ ಕೂತು ಬಾಗಿಲು ಮೆತ್ತಿಕೊಂಡು, ಗಂಡು ತಂದುಕೊಟ್ಟದ್ದನ್ನು ಸೀಳಿನಿಂದ ತಿಂದು ಮರಿ ಮಾಡುವ ಹಕ್ಕಿ ಇದು. ಅದಕ್ಕೆ ಬೇಕಾದಷ್ಟು ದೊಡ್ಡ ಪೊಟರೆ ಇರುವ ಹಳೆಯ ಮರಗಳು ಇಲ್ಲಿ ಕಡಿಮೆ. ಆಗ ಸಂಶೋಧಕರೂ ಉದ್ಯಾನ ಇಲಾಖೆಯವರೂ ಸೇರಿ ಮರಗಳಿಗೆ ಗೂಡುಪೆಟ್ಟಿಗೆ ಕಟ್ಟಿದರು, ಕೆಲವಕ್ಕೆ ಒಳಗೆ ಕ್ಯಾಮೆರಾವನ್ನೂ ಇಟ್ಟರು. ಹಕ್ಕಿ ಒಪ್ಪಿಕೊಂಡಿತು. ಹಣ್ಣು ತಿನ್ನುವ ಸಾಧು ಅಂದುಕೊಂಡಿದ್ದರೆ ಅದೂ ಅಲ್ಲ. ಗೊರವಂಕದ ಗೂಡಿಗೆ ಕೊಕ್ಕು ಹಾಕಿ ಮರಿಯನ್ನು ಎತ್ತಿಕೊಂಡು ಹೋಗುತ್ತದೆ. ಬಾಲ್ಕನಿಯಲ್ಲಿ ಪಂಜರ ತೂಗುಹಾಕುವ ನೆರೆಯವರು ಈಗೀಗ ಅದನ್ನು ಒಳಗೆ ಇಡುತ್ತಿದ್ದಾರೆ.

ಗೊರವಂಕ ಅಂದೆ. ನಮ್ಮ ಹಳದಿ ಕಣ್ಣಂಚಿನ ಗೊರವಂಕ ಇಲ್ಲಿ ಈಗ ಅಪರೂಪ. ಎಲ್ಲಿ ನೋಡಿದರೂ ಜಾವಾ ಮೈನಾ: ಬೂದುಗಪ್ಪು ಮೈ, ನೆತ್ತಿಯ ಮುಂದೆ ಒಂದು ಪುಕ್ಕದ ಕುಚ್ಚು. 1920ರ ದಶಕದಲ್ಲಿ ಪಂಜರದ ಹಕ್ಕಿಯಾಗಿ ಬಂದು ತಪ್ಪಿಸಿಕೊಂಡದ್ದು. ಹಾಕರ್ ಸೆಂಟರ್ ಅನ್ನುವ ಸಾಲು ಊಟದಂಗಡಿಗಳ ಜಾಗದಲ್ಲಿ ನೀವು ತಟ್ಟೆ ಬಿಟ್ಟು ಚಹಾ ತರಲು ಎದ್ದರೆ ಅದು ನಿಮ್ಮ ಜಾಗಕ್ಕೆ ಬಂದಾಯಿತು. ಇಲ್ಲಿ ಕಾಲ ಕಸವಾಗಿರುವ ಈ ಹಕ್ಕಿ ತನ್ನ ಹುಟ್ಟೂರು ಜಾವಾದಲ್ಲಿ ಪಂಜರದ ವ್ಯಾಪಾರಕ್ಕೆ ಸಿಕ್ಕಿ ಅಪಾಯದ ಪಟ್ಟಿ ಸೇರಿದೆ.

ಪಾರ್ಕಿನಲ್ಲಿ ಗೂಬೆಗಳಿವೆ. ಅವುಗಳಿರುವ ಮರ ಹುಡುಕುವುದು ಸುಲಭ, ಕೆಳಗೆ ನಿವೃತ್ತ ಚೀನೀ ಅಂಕಲ್‌ಗಳು ತೋಳುದ್ದದ ಲೆನ್ಸು ಹಿಡಿದು ಮಡಿಸುವ ಸ್ಟೂಲಿನ ಮೇಲೆ ಕೂತಿರುತ್ತಾರೆ. ಅಮ್ಮನನ್ನು ಕರೆದುಕೊಂಡು ಹೋದಾಗ ಒಬ್ಬರು ಎದ್ದು ತಮ್ಮ ಸ್ಟೂಲು ಕೊಟ್ಟು, ಕ್ಯಾಮೆರಾದ ಪರದೆಯಲ್ಲಿ ಮರಿಗೂಬೆ ತೋರಿಸಿದರು. ಮನೆ ಮೇಲೆ ಗೂಬೆ ಕೂತರೆ ಶಾಂತಿ ಮಾಡಿಸಬೇಕು ಅನ್ನುವ ಅಮ್ಮ, "ಪಾಪ, ಬೆಳ್ಳಗೆ ಉಣ್ಣೆ ಉಂಡೆ ಹಂಗಿದ್ದು" ಅಂದರು. ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ, ಅಂಕಲ್ ಖುಷಿಪಟ್ಟರು. ಶಾಂತಿಯ ವಿಚಾರ ಹೇಳಲಿಲ್ಲ. ಅಮ್ಮ ಮೇಲೆ ಗರುಡ ಸುತ್ತುವುದನ್ನು ಕಂಡು ಕೆನ್ನೆ ಮುಟ್ಟಿಕೊಂಡಾಗ ಮಾತ್ರ ಅವರು ಏನು ಅಂತ ಕೇಳಿದರು. ನಮ್ಮಲ್ಲಿ ವಿಷ್ಣುವಿನ ವಾಹನ ಅಂದೆ. ತಲೆದೂಗಿ ಅದರದ್ದೂ ಒಂದು ಫೋಟೊ ತೆಗೆದರು.

ಕಾಡುಕೋಳಿಯ ಜಗಳ ದೊಡ್ಡದು, ಚಿಕ್ಕದಾಗಿ ಹೇಳುತ್ತೇನೆ. ಇಲ್ಲಿಯದು ಕೆಂಪು ಕಾಡುಕೋಳಿ, ಲೋಕದ ಸಾಕುಕೋಳಿಗಳಿಗೆಲ್ಲ ಮೂಲ. ಕಾಲು ಬೂದು, ಕಿವಿಯ ಹತ್ತಿರ ಬಿಳಿ ಮಚ್ಚೆ ಇದ್ದರೆ ಕಾಡಿನ ರಕ್ತ ಜಾಸ್ತಿ ಅನ್ನುತ್ತಾರೆ, ಊರಕೋಳಿ ಜೊತೆ ಬೆರೆತವೂ ಬಹಳ ಇವೆ. 2017ರಲ್ಲಿ ಸಿನ್ ಮಿಂಗ್ ಎಂಬ ಬಡಾವಣೆಯಲ್ಲಿ ಕೂಗಿನ ದೂರು ಬಂದು 24 ಕೋಳಿಗಳನ್ನು ಕೊಂದಾಗ ದೇಶವೇ ಎರಡು ಪಾಲಾಯಿತು. ಕೋಳಿ ಕೂಗದೆ ಬೆಳಗಾಗುವುದೇ ಎಂದು ಕೇಳುವ ಅಜ್ಜಿಯಂದಿರು ಇಲ್ಲೂ ಇದ್ದಾರೆ ಅಂತ ಗೊತ್ತಾಗುವುದು ಇಂಥ ಹೊತ್ತಿನಲ್ಲೇ.

ಊರಿಂದ ಬರುವವರು ಸೆಪ್ಟೆಂಬರಿನಿಂದ ಮಾರ್ಚಿನೊಳಗೆ ಬನ್ನಿ. ಆಗ ಉತ್ತರದ ಚಳಿಗೆ ಓಡಿ ಬಂದ ವಲಸೆ ಹಕ್ಕಿಗಳು ಇರುತ್ತವೆ. ದಂಡೆಯಲ್ಲಿ ಬಾಲ ಕುಣಿಸುವ ಉಲ್ಲಂಕಿಗಳು, ಮರದ ತುದಿಯಿಂದ ಹಾರಿ ತುಂಬಿ ಹಿಡಿಯುವ ನೀಲಿಬಾಲದ ಕಳ್ಳಿಪೀರಗಳು. ಶ್ರೀರಂಗಪಟ್ಟಣದ ಹತ್ತಿರ ನಗುವನಹಳ್ಳಿಯಲ್ಲಿ ಕಾವೇರಿ ದಂಡೆಯ ಮಣ್ಣು ಕೊರೆದು ಗೂಡು ಮಾಡುತ್ತವಲ್ಲ, ಅದೇ ಜಾತಿ. ಚಾಂಗಿ ವಿಮಾನ ನಿಲ್ದಾಣದಲ್ಲಿ ಮುಂದಿನ ವಿಮಾನಕ್ಕೆ ಆರೇಳು ತಾಸು ಕಾಯುವುದಿದ್ದು, ಹೊರಬರಲು ವೀಸಾ ಇದ್ದರೆ, ಅಲ್ಲಿನ ಮಾಲ್ ಬಿಟ್ಟು ಪಾಸಿರ್ ರಿಸ್‌ಗೆ ಬನ್ನಿ, ಬಹಳ ದೂರವಿಲ್ಲ. ಇಳಿತದ ಹೊತ್ತು ಮೊಬೈಲಿನಲ್ಲಿ ನೋಡಿಕೊಳ್ಳಿ, ಸೊಳ್ಳೆಗೆ ಏನಾದರೂ ಹಚ್ಚಿಕೊಳ್ಳಿ. ಬೈನಾಕ್ಯುಲರ್ ಇಲ್ಲದಿದ್ದರೂ ನಡೆಯುತ್ತದೆ, ಅಂಕಲ್‌ಗಳು ತಮ್ಮ ಲೆನ್ಸಿನಲ್ಲೇ ತೋರಿಸುತ್ತಾರೆ. ಹಕ್ಕಿಗೆಂದು ಚೀಲದಲ್ಲಿ ಅವಲಕ್ಕಿ, ಮಂಡಕ್ಕಿ ಮಾತ್ರ ತರಬೇಡಿ. ನನಗೆಂದು ತಂದರೆ ಅಡ್ಡಿಯಿಲ್ಲ.