ಬುದ್ಧನ ಹತ್ತಿರ ಸೈಟು ಕೇಳಿದ್ದು

ಶ್ರೀಲಂಕಾಕ್ಕೆ ಹೋಗ್ತೀನಿ ಅಂದ ಕೂಡಲೇ ಎಲ್ಲರೂ ಹೇಳಿದ್ದು ಒಂದೇ: ಕ್ಯಾಂಡಿಯ ದಳದಾ ಮಾಳಿಗಾವ ನೋಡದೆ ಬರಬೇಡ. ಬುದ್ಧನ ಕೋರೆಹಲ್ಲನ್ನು ಇಟ್ಟಿರುವ ದೇವಾಲಯ ಅದು. ನನ್ನ ಪುಣ್ಯಕ್ಕೆ ಕ್ಯಾಂಡಿಯವನೇ ಒಬ್ಬ ಗೆಳೆಯ ಇದ್ದ. ಹಿಂದೆ ಬೆಂಗಳೂರಿನಲ್ಲಿ ಎರಡು ವರ್ಷ ನನ್ನ ಪಕ್ಕದ ಸೀಟಿನಲ್ಲೇ ಕೆಲಸ ಮಾಡಿದವನು. ನಾವು ‘ಮಗಾ’ ಅಂತೀವಲ್ಲ, ಹಾಗೆ ಅವನ ಬಾಯಲ್ಲಿ ಎಲ್ಲರೂ ‘ಮಚಾಂ’. "ಶನಿವಾರ ಬೆಳಿಗ್ಗೆ ಬಾ ಮಚಾಂ" ಅಂದ. ಶನಿವಾರವೇ ಯಾಕೆ ಅಂತ ಹೇಳಲಿಲ್ಲ.

ಬಸ್ಸಿನ ಬೋರ್ಡುಗಳನ್ನು ನೋಡಿದರೆ ಈಗ ಓದಿಬಿಡ್ತೀನಿ ಅನ್ನಿಸುತ್ತಿತ್ತು. ಸಿಂಹಳದ ಅಕ್ಷರಗಳೂ ನಮ್ಮವುಗಳ ಹಾಗೇ ದುಂಡಗೆ. ಹತ್ತಿರ ಹೋದರೆ ಒಂದೂ ಗೊತ್ತಾಗುವುದಿಲ್ಲ. ದೂರದಿಂದ ನೆಂಟರ ಹಾಗೆ ಕಂಡವರು ಹತ್ತಿರ ಬಂದಾಗ ಯಾರೋ ಆಗಿರುತ್ತಾರಲ್ಲ, ಹಾಗೆ.

ದೇವಾಲಯದ ಹೊರಗೆ ಹೂವಿನ ಅಂಗಡಿಗಳ ಸಾಲು. ಬಿಳಿ ಅರಳಿಯ, ಅಂದರೆ ನಮ್ಮ ದೇವಗಣಗಲೆ. ನೀಲಿ ನೈದಿಲೆ. ತಾವರೆ ಮೊಗ್ಗು. ಅಂಗಡಿಯಾಕೆ ಮೊಗ್ಗನ್ನು ಕೈಗೆತ್ತಿಕೊಂಡು, ಹೊರಗಿನ ಎಸಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚಿ, ತುದಿಯನ್ನು ಬುಡಕ್ಕೆ ಸಿಕ್ಕಿಸುತ್ತಿದ್ದಳು. ಅರ್ಧ ನಿಮಿಷದಲ್ಲಿ ಮೊಗ್ಗು ಹೂವಾಗುತ್ತಿತ್ತು. ನಾನು ಸುಮ್ನೆ ಕೈಯಲ್ಲಿ ಹಿಡಿದು ನಿಂತಿದ್ದೆ. "ಮೂಸಬೇಡ" ಅಂದ ಗೆಳೆಯ. ನಗು ಬಂತು. ಈ ಮಾತನ್ನು ಅಜ್ಜಿಯ ಬಾಯಲ್ಲಿ ಎಷ್ಟು ಸಲ ಕೇಳಿಲ್ಲ!

ಗೇಟಿನಲ್ಲಿ ಮೈ ತಡವಿ ಒಳಗೆ ಬಿಡುತ್ತಾರೆ. 1998ರ ಜನವರಿಯಲ್ಲಿ ಎಲ್‌ಟಿಟಿಇಯವರು ಬಾಂಬು ತುಂಬಿದ ಲಾರಿಯನ್ನು ಇಲ್ಲಿಗೇ ನುಗ್ಗಿಸಿದ್ದರು. ಮುಂಭಾಗ ಜಖಂ ಆಗಿತ್ತು. ಈಗ ನೋಡಿದರೆ ಗೊತ್ತೇ ಆಗುವುದಿಲ್ಲ, ಅಷ್ಟು ಚೆನ್ನಾಗಿ ಸರಿಮಾಡಿದ್ದಾರೆ. ಗೆಳೆಯ ಆಗ ಸ್ಕೂಲು ಹುಡುಗ. ಅದರ ಬಗ್ಗೆ ಜಾಸ್ತಿ ಮಾತಾಡಲಿಲ್ಲ, ನಾನೂ ಕೆದಕಲಿಲ್ಲ.

ಒಳಗೆ ಹೋಗುವ ಹೊತ್ತಿಗೆ ಒಂಬತ್ತೂವರೆಯ ಪೂಜೆ ಶುರುವಾಗಿತ್ತು. ಅಲ್ಲಿ ಅದಕ್ಕೆ ತೇವಾವ ಅಂತಾರೆ. ಕೆಳಗಿನ ಅಂಕಣದಲ್ಲಿ ಕೆಂಪು ನಡುಪಟ್ಟಿ ಕಟ್ಟಿದವರು ಮುಚ್ಚಿದ ಬಾಗಿಲಿನ ಎದುರು ನಿಂತು ಡೋಲು ಬಾರಿಸುತ್ತಿದ್ದರು. ಜೊತೆಗೆ ಹೊರಣೆವ ಅನ್ನುವ ವಾದ್ಯ. ಕಣ್ಣು ಮುಚ್ಚಿದರೆ ನಮ್ಮೂರ ಮದುವೆಮನೆಯ ಓಲಗವೇ.

ಮೇಲಿನ ಮಹಡಿಯಲ್ಲಿ ಮಾತ್ರ ಬೇರೆಯೇ ಲೋಕ. ಬಿಳಿ ಬಟ್ಟೆ ಹಾಕಿದವರು ನೆಲದ ಮೇಲೆ ಕೂತಿದ್ದರು. ಗಂಟೆ ಇಲ್ಲ, ಮಂಗಳಾರತಿ ಇಲ್ಲ, ನೂಕಾಟವಿಲ್ಲ. ಪಕ್ಕದಲ್ಲಿದ್ದ ಮುದುಕಿ ಪಾಳಿ ಭಾಷೆಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ‘ಪುಪ್ಫಂ’ ಅಂತ ಕೇಳಿತು, ‘ಕಾಯೋ’ ಅಂತ ಕೇಳಿತು. ಪುಷ್ಪ, ಕಾಯ. ಗೆಳೆಯ ಬಿಡಿಸಿ ಹೇಳಿದ: ಈ ಹೂವು ಬಾಡುವ ಹಾಗೆ ನನ್ನ ದೇಹವೂ ಬಾಡುತ್ತದೆ ಅಂತ ಹೇಳಿಕೊಂಡೇ ಹೂವು ಇಡುವುದಂತೆ.

ಸಾಲು ಕಿಟಕಿಯ ಮುಂದೆ ಬಂತು. ಕಂಡದ್ದು ಸ್ತೂಪದ ಆಕಾರದ ಚಿನ್ನದ ಕರಂಡ. ಒಂದರೊಳಗೆ ಒಂದರಂತೆ ಏಳು ಕರಂಡಗಳು, ಎಲ್ಲಕ್ಕಿಂತ ಒಳಗಿನದರಲ್ಲಿ ಹಲ್ಲು. ಅದನ್ನು ತೋರಿಸುವುದಿಲ್ಲ. ನಾಲ್ಕನೇ ಶತಮಾನದಲ್ಲಿ ಕಳಿಂಗದ ರಾಜಕುಮಾರಿ ಹೇಮಮಾಲಾ ಇದನ್ನು ತನ್ನ ಮುಡಿಯಲ್ಲಿ ಬಚ್ಚಿಟ್ಟುಕೊಂಡು ಲಂಕೆಗೆ ತಂದಳು ಅನ್ನುತ್ತದೆ ಅಲ್ಲಿನ ಕಥೆ. ಬಂದದ್ದೂ ಕದ್ದುಮುಚ್ಚಿ, ಇರುವುದೂ ಹಾಗೇ.

ನನಗೆ ಸಿಕ್ಕಿದ್ದು ಐದಾರು ಸೆಕೆಂಡು. ತಾವರೆ ಇಟ್ಟೆ, ಕೈ ಮುಗಿದೆ, ಅಭ್ಯಾಸಬಲದಿಂದ ಕೇಳಿಯೂ ಬಿಟ್ಟೆ. ಆಮೇಲೆ ಪ್ರಸಾದಕ್ಕೆ ಅಂತ ಬಲಗೈ ಚಾಚಿ ನಿಂತೆ. ಯಾರೂ ಏನೂ ಕೊಡಲಿಲ್ಲ. ಹಿಂದಿನವರು ಮೆಲ್ಲಗೆ ಮುಂದಕ್ಕೆ ಸರಿಸಿದರು. ಚಾಚಿದ ಕೈಯನ್ನು ಏನು ಮಾಡುವುದು ಅಂತ ತಿಳಿಯದೆ ತಲೆ ಸವರಿಕೊಂಡೆ.

ಗೆಳೆಯ ಇದನ್ನೆಲ್ಲ ನೋಡಿದ್ದ. ಹೊರಗೆ ಬಂದ ಮೇಲೆ ಕೇಳಿದ:

"ಏನೋ ಕೇಳಿಕೊಂಡೆ ಅಲ್ವಾ?"

"ಹೂಂ. ಸೈಟಿನ ಕೇಸು ಬೇಗ ಮುಗೀಲಿ ಅಂತ."

ಒಂಬತ್ತು ವರ್ಷದಿಂದ ಕೋರ್ಟಿನಲ್ಲಿರುವ ಕೇಸು ಅದು. ಅಪ್ಪ ತೆಗೆದ ಸೈಟು. ತಿರುಪತಿ, ಧರ್ಮಸ್ಥಳ, ಮನೆ ಹತ್ತಿರದ ಗಣಪತಿ, ಎಲ್ಲ ಕಡೆಯೂ ಅರ್ಜಿ ಹಾಕಿದ್ದಾಗಿದೆ.

ಅವನು ನಕ್ಕ ರಭಸಕ್ಕೆ ಕಂಬ ಹಿಡಿದುಕೊಳ್ಳಬೇಕಾಯಿತು. "ಮಚಾಂ, ಅವರು ಇದ್ದ ಅರಮನೆಯನ್ನೇ ಬಿಟ್ಟು ಹೋದವರು. ಅವರ ಹತ್ತಿರ ಸೈಟು ಕೇಳ್ತೀಯಲ್ಲ!"

ಮತ್ತೆ ನೀವು ಏನು ಕೇಳ್ತೀರಿ ಅಂದೆ. ಇಲ್ಲಿ ಏನೂ ಕೇಳೋದಿಲ್ಲ ಅಂದ. ಬುದ್ಧ ದಾರಿ ತೋರಿಸಿ ಹೋದವರು, ಕೊಡೋದಕ್ಕೆ ಅವರು ಕೂತಿಲ್ಲ. ಹೂವು ಇಡೋದು ಗೌರವಕ್ಕೆ. "ಕೇಳೋದಿದ್ದರೆ ಬೇರೆ ಕಡೆ ಹೋಗ್ತೀವಿ. ಬಾ."

ಆ ಬೇರೆ ಕಡೆ ಇದ್ದದ್ದು ರಸ್ತೆ ದಾಟುವಷ್ಟು ದೂರದಲ್ಲಿ. ಮಾಳಿಗಾವದ ಎದುರಿಗೇ ನಾಥ, ವಿಷ್ಣು, ಪತ್ತಿನಿ, ಹೀಗೆ ದೇವರುಗಳ ಗುಡಿಗಳಿವೆ. ದೇವಾಲೆ ಅಂತಾರೆ. ಬುಧವಾರ, ಶನಿವಾರ ಅಲ್ಲಿ ವಿಶೇಷ. ಶನಿವಾರದ ಗುಟ್ಟು ಆಗ ಬಯಲಾಯಿತು: ಇವನ ನಂಗಿ ಬಸುರಿ. ಸಿಂಹಳದಲ್ಲಿ ತಂಗಿಗೆ ನಂಗಿ. ಹೆರಿಗೆ, ಕಾಯಿಲೆ ಅಂದರೆ ಪತ್ತಿನಿ ಅಮ್ಮನಿಗೇ ಮೊರೆ. ಈ ಪತ್ತಿನಿ ಬೇರೆ ಯಾರೂ ಅಲ್ಲ, ತಮಿಳು ಕಾವ್ಯದಲ್ಲಿ ಮಧುರೆ ಸುಟ್ಟ ಕಣ್ಣಗಿ. ಊರನ್ನೇ ಸುಟ್ಟವಳು ಕಡಲು ದಾಟಿ ಬಂದು ಬಾಣಂತಿಯರನ್ನು ಕಾಯುತ್ತಿದ್ದಾಳೆ ಅಂದರೆ ನನಗೆ ಯಾಕೋ ಖುಷಿಯಾಯಿತು.

ಗೆಳೆಯ ಒಂದು ಹಣ್ಣಿನ ತಟ್ಟೆ ಕೊಂಡ. ಅನಾನಸ್, ಬಾಳೆಹಣ್ಣು, ವೀಳ್ಯದೆಲೆ, ಊದುಬತ್ತಿ. ಪೂಜಾರಿಯನ್ನು ಕಪುರಾಳ ಅಂತಾರೆ. ಅವರು ತಟ್ಟೆ ತೆಗೆದುಕೊಂಡು, ಪರದೆಯ ಮುಂದೆ ನಿಂತು, ಒಂದೇ ಉಸಿರಿನಲ್ಲಿ ರಾಗವಾಗಿ ಮೊರೆ ಹೇಳತೊಡಗಿದರು. ನಮ್ಮ ಸಂಕಲ್ಪದ ಹಾಗೇ. ನಡುವೆ ನಂಗಿಯ ಹೆಸರು ಬಂತು. ಇನ್ನೊಂದಿಷ್ಟು ಸಿಂಹಳ. ಆಮೇಲೆ ಸ್ಪಷ್ಟವಾಗಿ ನನ್ನ ಹೆಸರು, ಹಿಂದೆಯೇ ‘ಬೆಂಗಳೂರು’. ತಿರುಗಿ ನೋಡಿದರೆ ಗೆಳೆಯ ಕಣ್ಣು ಮುಚ್ಚಿಕೊಂಡು ನಿಂತಿದ್ದ, ಏನೂ ಗೊತ್ತಿಲ್ಲದವನ ಹಾಗೆ.

ಅರ್ಧ ಹಣ್ಣು ಅಮ್ಮನಿಗೆ, ಅರ್ಧ ತಟ್ಟೆಯಲ್ಲಿ ವಾಪಸ್ಸು. ಕೊನೆಗೂ ಪ್ರಸಾದ ಸಿಕ್ಕಿತು. ನಂಗಿಗೆ ಅಂತ ಅನಾನಸ್ಸಿನ ತುಂಡುಗಳನ್ನು ಬದಿಗಿಟ್ಟು, ನಾವಿಬ್ಬರೂ ಬೋಧಿಮರದ ನೆರಳಿನಲ್ಲಿ ಬಾಳೆಹಣ್ಣು ಸುಲಿದೆವು.

"ಸೈಟು ಎಷ್ಟು ದೊಡ್ಡದು?" ಅಂದ.

"ತರ್ಟಿ ಫಾರ್ಟಿ."

ಅವನಿಗೆ ಅಂದಾಜು ಸಿಗಲಿಲ್ಲ. ಅವರ ಲೆಕ್ಕವೆಲ್ಲ ಪರ್ಚಸ್‌ನಲ್ಲಿ. ನಾನು ಎದ್ದು, ಮರದ ಬುಡದಿಂದ ಬರಿಗಾಲಲ್ಲಿ ಪಾದಕ್ಕೆ ಪಾದ ಸೇರಿಸುತ್ತಾ ಮೂವತ್ತು ಎಣಿಸಿದೆ. ಅಲ್ಲಿಂದ ತಿರುಗಿ ನಲವತ್ತು. ಬಿಸಿಲಿಗೆ ಕಲ್ಲುಹಾಸು ಕಾದಿತ್ತು. ಮೂಲೆಯಲ್ಲಿ ನಿಂತು ಕೈ ಎತ್ತಿ ತೋರಿಸಿದೆ.

ಅವನು ಬಾಳೆಹಣ್ಣು ಅಗಿಯುತ್ತಾ ನನ್ನನ್ನು ನೋಡಿದ, ಮರವನ್ನು ನೋಡಿದ.

"ಇಷ್ಟಕ್ಕಾ ಮಚಾಂ, ಒಂಬತ್ತು ವರ್ಷ?"